ತೇಲಲಾರದ ಬಾತುಕೋಳಿಗಳು

ಬೆಳಗ್ಗೆ ಏಳು ಗಂಟೆಗೆ ಪಾರ್ಕಿನ ಮಾಲಿ ಬೊಬ್ಬೆ ಹಾಕಿದ. ಕೊಳದ ಮೂರೂ ಬಾತುಕೋಳಿಗಳು ಮುಳುಗುತ್ತಿದ್ದವು. ಕುತ್ತಿಗೆ ಮಾತ್ರ ನೀರಿನ ಮೇಲೆ. ಹಾಕಿದ ಬಟ್ಟೆಯಲ್ಲೇ ಕೊಳಕ್ಕಿಳಿದು ಮೂರನ್ನೂ ಎತ್ತಿ ತಂದ.

ಇನ್‌ಸ್ಪೆಕ್ಟರ್ ಮೇಡಂ ಬಂದಾಗ ಬಾತುಗಳು ಗೋಣಿಚೀಲದ ಮೇಲೆ ಗಡಗಡ ನಡುಗುತ್ತಿದ್ದವು. ಮಾಲಿ ಪಾರ್ಕಿನೆದುರಿನ ಲಾಂಡ್ರಿಯವನ ಕೊರಳಪಟ್ಟಿ ಹಿಡಿದಿದ್ದ.

"ಇವನೇ ಮೇಡಂ! ಬಟ್ಟೆ ಒಗೆದ ನೀರನ್ನ ಕೊಳಕ್ಕೆ ಬಿಟ್ಟಿದ್ದಾನೆ. ಅಂಗಡಿಗೆ ಬೀಗ ಹಾಕಿಸಿ!"

"ನಮ್ಮ ಮೋರಿ ಕೊಳಕ್ಕಲ್ಲ, ಆ ಕಡೆ ರಸ್ತೆಗೆ ಹೋಗುತ್ತೆ ತಾಯಿ," ಲಾಂಡ್ರಿಯವನು ಕೈಮುಗಿದ. "ಇಪ್ಪತ್ತು ವರ್ಷದ ಅಂಗಡಿ."

"ಬೀಗ ಹಾಕ್ಸಿ, ಬೀಗ ಹಾಕ್ಸಿ," ಎಂದು ವಾಕಿಂಗ್‌ಗೆ ಬಂದವರೂ ದನಿಗೂಡಿಸಿದರು.

ಪೊಲೀಸ್ ಕೆಲಸಕ್ಕೆ ಸೇರುವ ಮುಂಚೆ ಮೇಡಂ ಎರಡು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ್ದರು. ಅವರ ಕಣ್ಣು ಕೊಳದ ಮೇಲಿತ್ತು. ಅಲ್ಲೊಂದು ಕಾಡು ನೀರುಕೋಳಿ ಹಾಯಾಗಿ ತೇಲುತ್ತಿತ್ತು.

"ಸೂಜಿ ಇದೆಯಾ?"

ಲಾಂಡ್ರಿಯವನು ತಬ್ಬಿಬ್ಬಾದ. "ಗುಂಡಿ ಹಾಕೋ ಸೂಜಿ ಇದೆ..."

* * *

ಎರಡು ಲೋಟ ತುಂಬ ಕೊಳದ ನೀರು. ಮೇಡಂ ಮೊದಲನೆಯದರ ಮೇಲೆ ಸೂಜಿಯನ್ನು ಮೆಲ್ಲಗೆ ಅಡ್ಡ ಮಲಗಿಸಿದರು. ಸೂಜಿ ತೇಲಿತು!

"ಒಂದು ಬಾತು ತನ್ನಿ."

ಕಾನ್‌ಸ್ಟೇಬಲ್ ಕೈ ಹಾಕಿದ್ದೇ ತಡ, ಕಚಕ್ಕನೆ ಕುಕ್ಕಿತು. "ಅಯ್ಯಯ್ಯೋ!"

"ನನ್ನ ಬಿಟ್ಟು ಯಾರನ್ನೂ ಮುಟ್ಟಿಸಿಕೊಳ್ಳಲ್ಲ ಅವು," ಎಂದ ಮಾಲಿ, ಎದೆಯುಬ್ಬಿಸಿ. ತಾನೇ ಎತ್ತಿಕೊಂಡ.

ಮೇಡಂ ಅದರ ಗರಿಗಳನ್ನು ಎರಡನೆಯ ಲೋಟದಲ್ಲಿ ಅದ್ದಿ ತೊಳೆದರು. ಸೂಜಿ ಇಟ್ಟರು. ಬುಳಕ್! ತಳ ಸೇರಿತು. ಗರಿಯನ್ನು ಮೂಸಿ ನೋಡಿದರು. ನಿಂಬೆಹಣ್ಣಿನ ವಾಸನೆ. ನಗು ತಡೆದುಕೊಂಡು ಮಾಲಿಯ ಕೋಣೆಗೆ ನಡೆದರು.

* * *

"ತಪ್ಪು ಮಾಡಿದವರನ್ನ ಏನು ಮಾಡೋಣ?" ಹೊರಗೆ ಬಂದ ಮೇಡಂ ಕೇಳಿದರು.

"ಲಾಕಪ್ಪಿಗೆ ಹಾಕಿ ಮೇಡಂ!" ಎಂದ ಮಾಲಿ.

"ಹಾಗಿದ್ರೆ ನಡೀರಿ ಮಾಲಿಯವರೇ, ಜೀಪು ಹತ್ತಿ."

ಮೇಡಂ ಕೈಯಲ್ಲಿ ಅವನ ಕೋಣೆಯಿಂದ ತಂದ, ಪಾತ್ರೆ ತೊಳೆಯುವ ಸೋಪಿನ ಬಾಟಲಿಯಿತ್ತು. ನಿಂಬೆಯ ವಾಸನೆಯದು. ಮಾಲಿಯ ಮುಖ ಬಿಳಿಚಿತು.

"ನಿನ್ನೆ ಸಂಜೆ ಸ್ನಾನ ಮಾಡಿಸಿ ಗೂಡಿಗೆ ಹಾಕಿದ್ದೆ... ಪೇಪರಿನವರು ಫೋಟೋ ತೆಗೆಯೋಕೆ ಬರ್ತಾರೆ ಅಂದ್ರು. ಬೆಳ್ಳಗೆ ಕಾಣಲಿ ಅಂತ..."

ಮೇಡಂ ಹಳೆಯ ಟೀಚರಾಗಿಬಿಟ್ಟರು. "ನೀರಿನ ಪ್ರತಿ ಅಣುವಿಗೂ ಒಂದು ಕಡೆ ತುಸು ಧನ ವಿದ್ಯುತ್, ಇನ್ನೊಂದು ಕಡೆ ತುಸು ಋಣ ವಿದ್ಯುತ್. ಅದಕ್ಕೇ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರ್ತವೆ. ಆ ಹಿಡಿತದ ಮೇಲೇ ಸೂಜಿ ನಿಲ್ಲೋದು. ಎಣ್ಣೆಯ ಅಣುವಿಗೆ ಆ ಭೇದ ಇಲ್ಲ, ನೀರು ಅದನ್ನ ಹತ್ತಿರ ಸೇರಿಸಲ್ಲ. ಬಾತಿನ ಗರಿಯಲ್ಲಿರೋದು ಎಣ್ಣೆ. ನೀರು ಒಳಗೆ ಬರಲ್ಲ, ಗರಿಯೊಳಗಿನ ಗಾಳಿ ಹೋಗಲ್ಲ, ಬಾತು ತೇಲುತ್ತೆ. ಸೋಪು ಎರಡೂ ಮನೆ ನೆಂಟ. ಒಂದು ತುದಿ ನೀರಿಗಂಟುತ್ತೆ, ಇನ್ನೊಂದು ಎಣ್ಣೆಗೆ. ಎಣ್ಣೆಯನ್ನ ಎಳ್ಕೊಂಡು ಹೋಗುತ್ತೆ, ನೀರಿನ ಹಿಡಿತವನ್ನೂ ಸಡಿಲಿಸುತ್ತೆ."

"ಅಂದ್ರೆ ನನ್ನ ಕೊಳ..."

"ಕೊಳದಲ್ಲಿ ಸೋಪಿದ್ದಿದ್ರೆ ಮೊದಲ ಸೂಜಿನೂ ಮುಳುಗಬೇಕಿತ್ತು. ನೀರುಕೋಳಿನೂ ತೇಲ್ತಿರಲಿಲ್ಲ. ಸೋಪಿದ್ದಿದ್ದು ಗರಿಯಲ್ಲಿ. ಬಾತುಗಳು ಮುಟ್ಟೋಕೆ ಬಿಡೋದು ನಿಮ್ಮೊಬ್ಬರನ್ನೇ."

ಮಾಲಿ ಗೊಳೋ ಎಂದು ಅತ್ತ. "ನನ್ನ ಮಕ್ಕಳನ್ನ ನಾನೇ ಮುಳುಗಿಸಿಬಿಟ್ಟೆನಲ್ಲ!"

"ಸಾಯಲ್ಲ ಬಿಡ್ರೀ. ಬಿಸಿನೀರಲ್ಲಿ ಸೋಪೆಲ್ಲ ಹೋಗೋ ಹಾಗೆ ತೊಳೀರಿ, ಬೆಚ್ಚಗಿಡಿ. ಬಾಲದ ಬುಡದಲ್ಲಿ ಊರೋ ಎಣ್ಣೆಯನ್ನ ಕೊಕ್ಕಿನಿಂದ ತಾವೇ ಹಚ್ಚಿಕೊಳ್ತವೆ."

ಬಿಸಿನೀರು ಕೊಟ್ಟಿದ್ದು ಲಾಂಡ್ರಿಯವನೇ. ದಿನಾ ಎರಡು ಕೊಡ.

ಹತ್ತನೆಯ ದಿನ ಬಾತುಗಳನ್ನು ಕೊಳಕ್ಕೆ ಬಿಟ್ಟರು. ಮೂರೂ ಬೆಂಡಿನಂತೆ ತೇಲಿದವು. ಮಾಲಿ ಕುಣಿದಾಡಿ ಲಾಂಡ್ರಿಯವನನ್ನು ಬಾಚಿ ತಬ್ಬಿಕೊಂಡ.

"ಬಿಡಯ್ಯಾ ಮಾರಾಯ, ಇಸ್ತ್ರಿ ಕೆಡುತ್ತೆ!" ಎಂದ ಲಾಂಡ್ರಿಯವನು. ಆದರೆ ಬಿಡಿಸಿಕೊಳ್ಳಲಿಲ್ಲ.