ಅಣ್ಣಂಗೊಂದು, ತಮ್ಮಂಗೊಂದು

"ದೇವ್ರು ಎರಡು ಕೊಟ್ಟವ್ನೆ ಕಣ್ಲಾ. ಅಣ್ಣಂಗೊಂದು, ತಮ್ಮಂಗೊಂದು" ಎಂದು ತಾಯಿ ಸಣ್ಣತಾಯಮ್ಮ ಕೆರಗೋಡಿನ ಮನೆಯ ಜಗಲಿಯಲ್ಲಿ ಕೂತು ಹೇಳಿದ ದಿನವೇ ಪುಟ್ಟರಾಜುವಿಗೆ ಅವಳ ಮೇಲಿನ ಅಕ್ಕರೆ ಬತ್ತಿತು. ಅವನ ಮೈಯೊಳಗಿನದನ್ನು ಹಂಚುವಾಗ ಅವನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದರು.

ಅಣ್ಣ ಲಿಂಗಯ್ಯನ ಕಿಡ್ನಿಗಳು ಹೋಗಿ, ಮಂಡ್ಯದಲ್ಲಿ ಡಯಾಲಿಸಿಸ್ ನಡೆದಿತ್ತು. ತಮ್ಮನ ಕಿಡ್ನಿ ಹೊಂದುತ್ತದೆ, ಆದರೆ ಅಣ್ಣನಿಗೆ ರಕ್ತ ಕಡಿಮೆ, ಅದು ಏರದೆ ಆಪರೇಷನ್ ಇಲ್ಲವೆಂದು ಡಾಕ್ಟರ್ ಚೈತನ್ಯಾ ಹೇಳಿದ್ದರು. ಪುಟ್ಟರಾಜು ಆ ಮಾತನ್ನೇ ಹಿಡಿದುಕೊಂಡ. ಮಾದಪ್ಪನ ಗುಡಿಯಲ್ಲಿ, ಊರವರ ಎದುರು ಕರ್ಪೂರ ಹಚ್ಚಿ ಆಣೆ ಮಾಡಿದ: "ಅಣ್ಣನ್ ರಕ್ತ ಏರಿದ್ ದಿನ ಕೊಡ್ತೀನಿ, ನನ್ನಪ್ಪ." ಏರದಿದ್ದರೆ ಆಣೆ ಮುರಿದಂತೆ ಆಗದು. ಕೊಲ್ಲುವ ಪಾಪವೂ ಇಲ್ಲ. ಮಿಕ್ಕಿದ್ದನ್ನು ಕಾಯಿಲೆಯೇ ಮುಗಿಸುತ್ತದೆ.

ಅಣ್ಣನಿಗೆ ಕಣ್ಣು ಮಂಜು. ಮಾತ್ರೆ ಬಿಡಿಸಿ ಕೈಗಿಡುವವನು ಪುಟ್ಟರಾಜುವೇ. ರಕ್ತ ಏರಲೆಂದು ಡಾಕ್ಟರು ಬರೆದ ಕಬ್ಬಿಣದ ಮಾತ್ರೆಗಳನ್ನು ಅವನು ನಾಲೆಗೆ ಚೆಲ್ಲಿದ. ಬದಲಿಗೆ ವಿಷ ಕೊಡುವಷ್ಟು ಕೆಟ್ಟವನಲ್ಲ, ದೇವರಿಗೆ ಹೆದರುವವನು. ಮಕ್ಕಳು ಚೀಪುವ ಸಿ ವಿಟಮಿನ್ ಮಾತ್ರೆ ತಂದ. ಅದರಿಂದ ಕೆಡುಕೂ ಇಲ್ಲ, ಒಳಿತೂ ಇಲ್ಲ.

"ಉಳಿಯಾಗದಲ್ಲಾ!" ಎಂದು ಲಿಂಗಯ್ಯ ಆ ಹುಳಿಗೆ ನಾಲಿಗೆ ಚಪ್ಪರಿಸಿದ.

"ಒಸ ಕಂಪ್ನೀದು ಕಣಣ್ಣ, ಸುಮ್ಕೆ ಚೀಪು."

"ಉಪ್ಪು ಬುಟ್ಟ ಬಾಯ್ಗೆ ಇದೇ ಅಬ್ಬ ಕಣ್ಲಾ. ನಿನ್ ಕಿಡ್ನಿನೂ ಇಂಗೇ ಉಳಿಯಾಗದಾ?"

ಪುಟ್ಟರಾಜು ನಕ್ಕ. ನಗುವುದೂ ಹೂಟದೊಳಗೇ ಸೇರಿತ್ತು.

ಡಯಾಲಿಸಿಸ್ ಕೋಣೆಯಲ್ಲಿ ನರ್ಸ್ ಅರ್ಪಿತ ಒಮ್ಮೆ, "ಈ ಮಿಷನ್ನು ಕೆಟ್ಟದ್ದು ಒಳ್ಳೇದು ನೋಡಕಿಲ್ಲ ಕಣಣ್ಣ, ಸತ್ವನೂ ತೊಳ್ಕಂಡು ಓಯ್ತದೆ" ಎಂದಳು. ತೊಳೆಯಲಿ ಎಂದುಕೊಂಡ ಪುಟ್ಟರಾಜು. ವಾರಗಳು ಕಳೆದವು. ಅಣ್ಣ ಬಸ್ ಸ್ಟ್ಯಾಂಡಿನವರೆಗೂ ಕೈಹಿಡಿಯದೆ ನಡೆಯತೊಡಗಿದ. ಮುಖದ ಕೆಂಪು ಬಿಸಿಲಿನದು ಎಂದು ತಮ್ಮ ಸಮಾಧಾನ ಮಾಡಿಕೊಂಡ.

ಡಾಕ್ಟರ್ ಚೈತನ್ಯಾ ಇಬ್ಬರನ್ನೂ ಒಳಗೆ ಕರೆದರು. "ರಕ್ತ ಚೆನ್ನಾಗಿ ಏರಿದೆ. ಬೇರೆ ಏನು ಕೊಟ್ಟಿರಿ?" ಲಿಂಗಯ್ಯ ಹೆಮ್ಮೆಯಿಂದ ಜೇಬಿನಲ್ಲಿ ಉಳಿಸಿಕೊಂಡಿದ್ದ ಒಂದು ಹುಳಿ ಮಾತ್ರೆ ತೆಗೆದು ಮೇಜಿನ ಮೇಲಿಟ್ಟ. "ನನ್ ತಮ್ಮ ತಂದದ್ದು ತಾಯಿ." ಅವರು ಅದನ್ನು ತಿರುಗಿಸಿ ನೋಡಿದರು. "ನಾನು ಬರೆದದ್ದು ಇದಲ್ಲ. ಆದ್ರೆ ಈ ಸಲದ ಟೆಸ್ಟಲ್ಲಿ ಗೊತ್ತಾಯ್ತು, ಹಳೇ ಇಂಜೆಕ್ಷನ್‌ಗಳ ಕಬ್ಬಿಣ ಮೈಯಲ್ಲಿ ಬೇಕಾದಷ್ಟು ಕೂತಿತ್ತು, ರಕ್ತಕ್ಕೆ ಬರ್ತಿರಲಿಲ್ಲ. ಅದನ್ನ ಎಬ್ಬಿಸೋದು ಸಿ ವಿಟಮಿನ್. ಮಿಷನ್ ತೊಳೆದು ಹಾಕ್ತಿದ್ದದ್ದೂ ಈ ವಿಟಮಿನ್ನನ್ನೇ." ಲಿಂಗಯ್ಯ ಕಣ್ಣೊರೆಸಿಕೊಂಡು, "ಮಾದಪ್ಪ ನಿನ್ ಮಾತು ಕೇಳುಸ್ಕೊಂಡ ಕಣ್ಲಾ" ಎನ್ನುತ್ತ ತಮ್ಮನ ಪಕ್ಕೆಯ ಮೇಲೆ ಮೆಲ್ಲಗೆ ಕೈಯಿಟ್ಟ.