ಕೆಂಪು ಕಾರಿನ ಹೊಲಿಗೆ

"ನಿಲ್ಸೀ...! ಗಾಡಿ ನಿಲ್ಸೀ...!"

ನನ್ನ ಕೂಗು ನನ್ನ ಕಾರಿನ ಗಾಜನ್ನೇ ದಾಟಲಿಲ್ಲ.

ಮುಂದೆ ಕೆಂಪು ಕಾರು. ಅದರ ಹಿಂದೆ ನಾನು. ನನ್ನ ಹಿಂದೆ ಒಂದು ಪಿಕಪ್ ವ್ಯಾನು. ಮೂರೂ ಒಂದೇ ಇಳಿಜಾರಿನಲ್ಲಿ ಧಾವಿಸುತ್ತಿದ್ದವು. ಒಂದು ಪಕ್ಕ ಬಂಡೆ. ಇನ್ನೊಂದು ಪಕ್ಕ ಮೊಣಕಾಲೆತ್ತರದ ಕಟ್ಟೆ, ಅದರಾಚೆ... ಬರೀ ಗಾಳಿ!

ಹಾರ್ನ್ ಒತ್ತಿದೆ. ಲೈಟ್ ಮಿನುಗಿಸಿದೆ. ಕಿಟಕಿಯಿಂದ ಕೈ ಹೊರಹಾಕಿ ಬೀಸಿದೆ.

ಕೆಂಪು ಕಾರು ಇನ್ನೂ ಜೋರಾಗಿ ಓಡಿತು!

ಓಡದೆ ಏನು ಮಾಡೀತು? ಓಡಿಸುತ್ತಿದ್ದವಳು ಒಬ್ಬ ಹೆಂಗಸು. ಕಾರಿನ ತುಂಬ ಸಂಸಾರ. ಯಾವನೋ ಹುಚ್ಚನಂತೆ ಹಾರ್ನ್ ಹೊಡೆಯುತ್ತ ಅಟ್ಟಿಸಿಕೊಂಡು ಬಂದರೆ ನಾನಾದರೂ ಆಕ್ಸಿಲರೇಟರ್ ತುಳಿಯುತ್ತಿದ್ದೆ.

ತಿರುವು ಬಂತು. ಕೆಂಪು ಕಾರು ಒಂದು ಕಡೆಗೆ ವಾಲಿತು. ಆಗ ಕಂಡಿತು... ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಸಂದು ಬಾಯಿ ಬಿಟ್ಟಿತು. ತಿರುವು ಮುಗಿದಾಗ ಮುಚ್ಚಿಕೊಂಡಿತು.

ಕಾರುಗಳು ಉಸಿರಾಡುವುದಿಲ್ಲ. ಈ ಕಾರು ಉಸಿರಾಡುತ್ತಿತ್ತು!

ಹಿಂದಿನ ಗಾಜಿನಲ್ಲಿ ಒಂದು ಪುಟ್ಟ ಮುಖ ಮೂಡಿತು. ಎರಡು ಜಡೆ. ನನ್ನನ್ನು ನೋಡಿ ನಾಲಿಗೆ ಚಾಚಿ ಅಣಕಿಸಿತು.

ಆ ಕಾರನ್ನು ಅವರಿಗೆ ಆರಿಸಿಕೊಟ್ಟವನು ನಾನು.

ಇರಿ, ಇರಿ. ಕಡಿಮೆ ದುಡ್ಡಲ್ಲಿ ಸಂಸಾರಕ್ಕೊಂದು ಹಳೇ ಕಾರು ಕೊಡಿಸಿ ಅಂತ ತಾನೇ ನೀವು ಬಂದದ್ದು? ಕೊಡಿಸೋಣ. ಮೊದಲು ಇದನ್ನು ಪೂರ್ತಿ ಕೇಳಿ. ಆಮೇಲೂ ನಾನೇ ಬೇಕು ಅನ್ನಿಸಿದರೆ ಹೇಳಿ.

ನನ್ನ ಕಸುಬು ಇಷ್ಟೇ. ಹಳೇ ಕಾರು ಕೊಳ್ಳುವವರ ಜೊತೆ ಹೋಗಿ, ಗಾಡಿ ನೋಡಿ, ರಿಪೋರ್ಟ್ ಬರೆದು ಸಹಿ ಹಾಕಿ ಕೊಡುವುದು. ಅದಕ್ಕೂ ಮೊದಲು ಹನ್ನೆರಡು ವರ್ಷ ವಿಮಾ ಕಂಪನಿಯ ಪರವಾಗಿ ಆಕ್ಸಿಡೆಂಟ್ ಗಾಡಿಗಳನ್ನು ನೋಡಿದವನು. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಕ್ಲಚ್ ಪೆಡಲಿನ ಸವೆತ ಹೇಳುತ್ತದೆ. ಪ್ರವಾಹದಲ್ಲಿ ಮುಳುಗಿದ ಗಾಡಿಯಾದರೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಮೂಸಿದರೆ ಸಾಕು, ಕೆಸರಿನ ವಾಸನೆ. ಅದಕ್ಕೇ ಜನ ನನ್ನನ್ನು 'ಮೂಗು' ಅನ್ನುತ್ತಾರೆ.

ಟೈಲರಮ್ಮ ಬಂದದ್ದು ಆ ಹೆಸರು ಕೇಳಿಕೊಂಡೇ. ಶಾಲೆ ಯೂನಿಫಾರ್ಮ್ ಹೊಲಿಯುವ ಪುಟ್ಟ ಅಂಗಡಿ. ಗಂಡನಿಗೆ ಕಣ್ಣು ಮಂಜು, ಡ್ರೈವಿಂಗ್ ಆಗದು. ಅತ್ತೆಗೆ ಮಂಡಿನೋವು. ಅವಳಿಜವಳಿ ಹೆಣ್ಣುಮಕ್ಕಳು. ಇಷ್ಟೂ ಜನಕ್ಕೆ ಇದ್ದದ್ದು ಒಂದೇ ಸ್ಕೂಟರ್.

"ಅಣ್ಣಾ, ನನ್ ಹತ್ರ ಇರೋದು ಇಷ್ಟೇ. ಇದರ ಮೇಲೆ ಒಂದು ಕಾಸೂ ಹುಟ್ಟಲ್ಲ. ಗಾಡಿ ಚೆಂದ ಇರ್ಬೇಕು ಅಂತೇನಿಲ್ಲ. ಐದು ಜನ ಕೂತ್ಕೋಬೇಕು, ನಡುದಾರೀಲಿ ಕೈ ಕೊಡಬಾರದು. ಅಷ್ಟೇ."

"ನಾನಿದೀನಲ್ಲಮ್ಮಾ..." ಅಂದೆ.

ಕರೆದುಕೊಂಡು ಹೋದದ್ದು ಬಿಳಿಬೂಟಿನವನ ಯಾರ್ಡಿಗೆ. ಡೀಲರ್. ಗ್ರೀಸು, ಧೂಳಿನ ನಡುವೆ ದಿನವಿಡೀ ಬಿಳಿ ಬೂಟು ಹಾಕಿಕೊಂಡು ಓಡಾಡುವ ಮನುಷ್ಯ. ಬೂಟಿನ ಮೇಲೆ ಒಂದು ಕಲೆ ಇರುವುದಿಲ್ಲ. ಅಲ್ಲೇ ಗೊತ್ತಾಗಬೇಕು, ಕೊಳೆಯೆಲ್ಲ ಬೇರೆಯವರ ಕೈಗೆ ಅಂತ.

ನಲವತ್ತು ಕಾರು. ಅವಳ ದುಡ್ಡಿಗೆ ಒಗ್ಗುತ್ತಿದ್ದದ್ದು ಎರಡೇ. ಒಂದು ಬೂದು, ಒಂದು ಕೆಂಪು.

ಬೂದು ಕಾರು ನೋಡಲು ಪೆದ್ದು. ಬಣ್ಣ ಮಂಕು, ಸೀಟು ಹರಿದಿತ್ತು. ಆದರೆ ಒಬ್ಬನೇ ಓನರ್. ಸರ್ವಿಸ್ ಪುಸ್ತಕದಲ್ಲಿ ಒಂದು ಪುಟವೂ ಖಾಲಿಯಿಲ್ಲ. ನಾಲ್ಕು ಟೈರೂ ಸಮವಾಗಿ ಸವೆದಿದ್ದವು. ಇಂಜಿನ್ ಶುರು ಮಾಡಿದರೆ ಬೆಕ್ಕು ಮಲಗಿದ ಹಾಗೆ ಗುರ್ ಗುರ್.

ಕೆಂಪು ಕಾರು ಮದುವೆಗೆ ಹೊರಟ ಹಾಗೆ ಮಿಂಚುತ್ತಿತ್ತು. ಬಾಗಿಲು ತೆಗೆದೆ. ಮುಂದಿನ ಸೀಟಿನ ಹಿಂದೆ ಕಾರ್ಪೆಟ್ ಎತ್ತಿದೆ.

ನೆಲದ ತಗಡಿಗೆ ಅಡ್ಡಲಾಗಿ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ, ವೆಲ್ಡಿಂಗ್! ಮೇಲೆ ಹೊಸ ಬಣ್ಣ.

ಗೊತ್ತಾಯಿತಲ್ಲ? ಮುಂದೆ ಜಜ್ಜಿದ ಒಂದು ಕಾರು, ಹಿಂದೆ ಜಜ್ಜಿದ ಇನ್ನೊಂದು ಕಾರು. ಎರಡನ್ನೂ ನಡುವೆ ಕತ್ತರಿಸಿ, ಒಳ್ಳೆಯ ಅರ್ಧಕ್ಕೆ ಒಳ್ಳೆಯ ಅರ್ಧ ಸೇರಿಸಿ ಬೆಸೆದಿದ್ದರು.

'ಬೂದು ತಗೋಳಮ್ಮಾ, ಹೋಗೋಣ.' ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಫೋನ್ ರಿಂಗಾಯಿತು. ಹೆಂಡತಿ.

"ರೀ, ಮಗಳನ್ನ ಚೆಕಪ್‌ಗೆ ಕರ್ಕೊಂಡು ಬಂದಿದ್ದೆ. ಒಂದು ಗಂಟೆಯಿಂದ ಬಿಸಿಲಲ್ಲಿ ನಿಂತಿದೀವಿ. ಒಬ್ಬ ಆಟೋದವನೂ ಬರ್ತಿಲ್ಲ. ಏಳು ತಿಂಗಳ ಬಸುರಿ ಕಣ್ರೀ! ಊರಿಗೆಲ್ಲ ಕಾರು ಕೊಡಿಸ್ತೀರ, ನಮಗೊಂದು ಹಳೇದು ನೋಡೋಕಾಗಲ್ವಾ?"

ಫೋನ್ ಜೇಬಿಗೆ ಹಾಕಿದೆ. ಬೂದು ಕಾರು ನೋಡಿದೆ. ನನ್ನ ಕೈಯಲ್ಲೂ ಟೈಲರಮ್ಮನ ಹತ್ತಿರ ಇದ್ದಷ್ಟೇ ಇತ್ತು.

ಕಾರ್ಪೆಟ್ ಮುಚ್ಚಿದೆ.

ಅವಳು ಬಗ್ಗಿ ಕಾರ್ಪೆಟ್ ಮೇಲೆ ಹೆಬ್ಬೆರಳು ಆಡಿಸಿದಳು. ಇಪ್ಪತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು!

"ಅಣ್ಣಾ, ಇಲ್ಲೇನೋ ಹೊಲಿಗೆ ಹಾಕಿದ ಹಾಗಿದೆಯಲ್ಲ?"

"ಅದು ಕಂಪನಿ ಜಾಯಿಂಟ್ ಕಣಮ್ಮಾ. ಎಲ್ಲಾ ಕಾರಿಗೂ ಇರುತ್ತೆ."

"ಆ ಬೂದು ಗಾಡಿ?"

"ಅದಾ? ಇಂಜಿನ್ ಹೋಗಿದೆ. ಬೇಡ ಬಿಡಿ."

ನನಗೆ ಕೈ ಮುಗಿದಳು. ರಿಪೋರ್ಟಿಗೆ ನಾನು ಸಹಿ ಹಾಕಿದೆ.

ಮರುದಿನ ಬೂದು ಕಾರು ನಮ್ಮ ಮನೆ ಮುಂದೆ ನಿಂತಿತ್ತು.

ಸಮಾಧಾನ ಮಾಡಿಕೊಂಡೆ ಬಿಡಿ. ಮನೆ, ಶಾಲೆ, ಅಂಗಡಿ... ಇಷ್ಟೇ ತಾನೇ ಅವರ ಓಡಾಟ? ನಲವತ್ತರ ಸ್ಪೀಡು ದಾಟುವುದಿಲ್ಲ. ಏನೂ ಆಗಲ್ಲ... ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೀಗೆ ಹೇಳಿಕೊಳ್ಳುತ್ತಿದ್ದೆ. ಕನ್ನಡಿ ನೋಡುವುದನ್ನು ಮಾತ್ರ ಬಿಟ್ಟಿದ್ದೆ.

ಮೂರು ವಾರ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಬಿಳಿಬೂಟಿನವನ ಯಾರ್ಡಿನಲ್ಲಿದ್ದೆ. ಮೊಬೈಲಿಗೆ ಒಂದು ಫೋಟೋ ಬಂತು. ಕೆಂಪು ಕಾರು, ಮೇಲೆ ಕಟ್ಟಿದ ಲಗೇಜು, ಮುಂದೆ ಐದೂ ಜನ ಹಲ್ಲು ಬಿಟ್ಟುಕೊಂಡು. ಕೆಳಗೆ ಬರೆದಿತ್ತು: 'ಅಣ್ಣಾ, ನೀವು ಆರಿಸಿಕೊಟ್ಟ ಕಾರಲ್ಲಿ ನಮ್ಮ ಮೊದಲ ಟ್ರಿಪ್. ಬೆಟ್ಟ ಹತ್ತಿ ಆಚೆ ಕಡೆ ಇಳೀತೀವಿ. ನಿಮ್ಮ ಉಪಕಾರ ಮರೆಯಲ್ಲ.'

ಫೋನ್ ಜೇಬಿಗೆ ತುರುಕಿದೆ.

ಹತ್ತು ನಿಮಿಷ ಆಗಿರಲಿಲ್ಲ. ಯಾರ್ಡಿನ ವೆಲ್ಡರ್ ಶೆಡ್ಡಿನ ಹಿಂದಕ್ಕೆ ಕರೆದ. ಮುಖ ಬಿಳಿಚಿಕೊಂಡಿತ್ತು.

"ಸಾರ್, ಆ ಕೆಂಪು ಗಾಡಿ ಬೆಸೆದ ವಾರಾನೇ ಇನ್ನೊಂದು ಬೆಸೆದಿದ್ದೆ... ನೀಲಿದು. ಇವತ್ತು ಬೆಳಿಗ್ಗೆ ರೋಡ್ ಹಂಪ್ ಮೇಲೆ ಎರಡು ತುಂಡಾಯ್ತಂತೆ."

"ಡ್ರೈವರ್?"

"ಉಸಿರಿದೆ. ಕಾಲು... ಗೊತ್ತಿಲ್ಲ ಸಾರ್. ಬೇಡ ಬೇಡ ಅಂದೆ, ನಮ್ಮ ಓನರ್ ಕೇಳಲಿಲ್ಲ."

ನಾನು ಆಗಲೇ ನನ್ನ ಬೂದು ಕಾರಿನತ್ತ ಓಡುತ್ತಿದ್ದೆ. ಬಾಗಿಲಿಗೆ ಅಡ್ಡವಾಗಿ ಬಿಳಿಬೂಟಿನವನು ನಿಂತ.

"ಎಲ್ಲಿಗಪ್ಪಾ ಸವಾರಿ?"

"ಆ ಕೆಂಪು ಕಾರು ನಿಲ್ಲಿಸೋಕೆ. ದಾರಿ ಬಿಡು!"

"ನಿಲ್ಲಿಸಿ ಏನಂತೀಯ? ಗೊತ್ತಿದ್ದೂ ಸಹಿ ಹಾಕಿದೆ ಅಂತೀಯಾ?"

ಬಾಗಿಲ ಹಿಡಿಗೆ ಕೈ ಹಾಕಿದೆ.

"ಈ ಬೂದು ಕಾರು ಯಾರ ಮನೆ ಸೇರಿದೆ ಅಂತ ನಂಗೂ ಗೊತ್ತು ಕಣಯ್ಯಾ. ನೀನು ಬಾಯಿ ಬಿಟ್ರೆ ಇಬ್ಬರೂ ಒಳಗೆ. ಸುಮ್ನೆ ಮನೆಗೆ ಹೋಗು."

ಅವನ ಎದೆಗೆ ಕೈಯಿಟ್ಟು ತಳ್ಳಿದೆ. ಬಿದ್ದ. ಮೊದಲ ಸಲ ಆ ಬೂಟಿಗೆ ಗ್ರೀಸು ಹತ್ತಿತು!

"ಗೂಳೀ...! ಹಿಡಿಯೋ ಅವನನ್ನ! ಬೆಟ್ಟ ಇಳೀಬಾರದು ಅವನು!"

ಗೂಳಿ ಅವನ ವಸೂಲಿ ಆಳು. ಕತ್ತು ಅಂತ ಒಂದು ಭಾಗವೇ ಇಲ್ಲದ ಮನುಷ್ಯ. ಪಿಕಪ್ ಓಡಿಸುತ್ತಿದ್ದವನು ಅವನೇ.

ದಾರಿಯುದ್ದಕ್ಕೂ ಟೈಲರಮ್ಮನಿಗೆ ಫೋನ್ ಮಾಡಿದೆ. ಹದಿನಾಲ್ಕು ಸಲ! ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟದ ಶಿಸ್ತಿನ ಹೆಂಗಸು. ಬೆಟ್ಟದ ತುದಿಯಲ್ಲಿ ಫೋನು ಕಾರಲ್ಲೇ ಬಿಟ್ಟು ಊಟಕ್ಕೆ ನಿಂತಿದ್ದರು ಅಂತ ಕಾಣುತ್ತದೆ, ಇಳಿಜಾರು ಶುರುವಾಗುವಲ್ಲಿ ಸಿಕ್ಕರು. ಆಮೇಲಿನದು ಹೇಳಿದೆನಲ್ಲ.

ಧಡ್!

ಗೂಳಿ ಹಿಂದಿನಿಂದ ಗುದ್ದಿದ. ಸ್ಟೀರಿಂಗ್ ಕೈಯಲ್ಲಿ ಕುಣಿಯಿತು. ನನ್ನ ಕಾರು ಕಟ್ಟೆ ಸವರಿಕೊಂಡು ಹೋಯಿತು. ಕೆಳಗಡೆ ಮರಗಳ ತಲೆ ಕಂಡವು...

ಆಗ ಹೊಳೆಯಿತು. ನಾನು ಅಟ್ಟಿಸಿದಷ್ಟೂ ಅವಳು ಓಡುತ್ತಾಳೆ. ಓಡಿದಷ್ಟೂ ಆ ಸಂದು ಬಿಚ್ಚುತ್ತದೆ. ಈಗ ಅವರನ್ನು ಕೊಲ್ಲುತ್ತಿರುವವನು ನಾನೇ!

ಆಕ್ಸಿಲರೇಟರಿನಿಂದ ಕಾಲು ತೆಗೆದೆ. ರಸ್ತೆಯ ನಡುವೆ ಹಾವಿನ ಹಾಗೆ ಹೊರಳಾಡಿಸುತ್ತ ಗೂಳಿಗೆ ದಾರಿ ಕಟ್ಟಿದೆ. ಕೆಂಪು ಕಾರು ದೂರವಾಯಿತು. ಒಂದು ಕೈಯಲ್ಲಿ ಹದಿನೈದನೇ ಸಲ ಫೋನ್ ಒತ್ತಿದೆ.

ಎತ್ತಿದರು!

"ಯಾರಪ್ಪಾ ಅದು? ಆಗ್ಲಿಂದ ಬಡ್ಕೋತಾ ಇದೆ ಫೋನು." ಅತ್ತೆಯ ದನಿ.

"ಅಮ್ಮಾ, ಕಾರು ಕೊಡಿಸಿದೆನಲ್ಲ, ಅವನು! ಗಾಡಿ ನಿಲ್ಸೋಕೆ ಹೇಳಿ!"

"ಅಯ್ಯೋ, ಈಗ ಆಗಲ್ಲಪ್ಪಾ! ಯಾವನೋ ರೌಡಿ ಹಿಂದೆ ಬಿದ್ದಿದಾನೆ!"

"ಆ ರೌಡಿ ನಾನೇ ಕಣಮ್ಮಾ!"



"ನೀನ್ಯಾಕಪ್ಪಾ ರೌಡಿ ಆದೆ?"

"ಆಮೇಲೆ ಹೇಳ್ತೀನಿ! ಸೊಸೆ ಕಿವಿ ಹತ್ರ ಫೋನ್ ಹಿಡೀರಿ... ಅಮ್ಮಾ, ಕೇಳಿಸ್ತಾ ಇದೆಯಾ? ಬ್ರೇಕ್ ಒಮ್ಮೆಲೇ ಒತ್ತಬೇಡ! ಕಾಲು ಎತ್ತು. ಮೂರನೇ ಗೇರ್... ನಿಧಾನ. ಈಗ ಎರಡನೇದು. ಹಳ್ಳ ಬಂದ್ರೆ ತಪ್ಪಿಸು. ಮುಂದೆ ಲಾರಿಗಳು ನಿಲ್ಲೋ ಜಾಗ ಸಿಗುತ್ತೆ. ಅಲ್ಲಿಗೆ ಬಿಡು, ತಾನಾಗೇ ನಿಲ್ಲಲಿ."

"ಏನಾಗಿದೆ ಅಣ್ಣಾ?"

"ನಿಲ್ಲಿಸು ತಾಯೀ... ನಿನ್ನ ದಮ್ಮಯ್ಯ!"

ಮತ್ತೊಂದು ಧಡ್! ನನ್ನ ಹಿಂದಿನ ಗಾಜು ಪುಡಿಪುಡಿಯಾಗಿ ಕುತ್ತಿಗೆಯ ಮೇಲೆ ಸುರಿಯಿತು. ನಾನು ದಾರಿ ಬಿಡಲಿಲ್ಲ.

ಎರಡು ತಿರುವು ಕಳೆದು ಆ ಜಾಗ ಬಂತು. ಏಳೆಂಟು ಲಾರಿ. ಬಿಸಿಯಾದ ಬ್ರೇಕ್ ಆರಲಿ ಅಂತ ನೆರಳಲ್ಲಿ ಕೂತ ಡ್ರೈವರುಗಳು, ಕ್ಲೀನರುಗಳು. ಅವರ ಪಕ್ಕದಲ್ಲಿ ಕೆಂಪು ಕಾರು... ಇಡಿಯಾಗಿ! ನಾನು ಅದಕ್ಕೆ ಅಡ್ಡ ನಿಂತೆ. ಗೂಳಿ ಕಬ್ಬಿಣದ ರಾಡು ಹಿಡಿದು ಇಳಿದ. ಲಾರಿಯವರು ಹತ್ತು ಹನ್ನೆರಡು ಜನ ಎದ್ದು ನಿಂತರು. ಗೂಳಿ ರಾಡು ನೋಡಿದ. ಅವರನ್ನು ನೋಡಿದ. ಪಿಕಪ್ ಹತ್ತಿ ಹೋದ.

ಟೈಲರಮ್ಮ ವೀಲ್ ಸ್ಪ್ಯಾನರ್ ಹಿಡಿದು ನಿಂತಿದ್ದಳು.

"ಎಲ್ಲರನ್ನೂ ಇಳಿಸಿ," ಅಂದೆ.

ಇಳಿದರು. ಕಾರ್ಪೆಟ್ ಕಿತ್ತೆ. ವೆಲ್ಡಿಂಗ್ ಉದ್ದಕ್ಕೂ ಬಾಯ್ಬಿಟ್ಟಿತ್ತು. ಬಿರುಕಿನಲ್ಲಿ ಕೆಳಗಿನ ರಸ್ತೆ ಕಾಣುತ್ತಿತ್ತು, ಜಲ್ಲಿಕಲ್ಲು ಎಣಿಸುವಷ್ಟು ಸ್ಪಷ್ಟವಾಗಿ.

ಅವಳು ಬಗ್ಗಿ ಬಿರುಕಿನ ಅಂಚಿಗೆ ಹೆಬ್ಬೆರಳು ಇಟ್ಟಳು.

"ಅವತ್ತೇ ಗೊತ್ತಿತ್ತಾ ಅಣ್ಣಾ?"

ಇಲ್ಲ ಅನ್ನಬಹುದಿತ್ತು. ಓಡಿ ಬಂದು ಜೀವ ಉಳಿಸಿದ ದೊಡ್ಡ ಮನುಷ್ಯ ಆಗಿಬಿಡಬಹುದಿತ್ತು. ಮಕ್ಕಳಿಬ್ಬರೂ ನನ್ನನ್ನು ಹಾಗೇ ನೋಡುತ್ತಿದ್ದರು.

"ಗೊತ್ತಿತ್ತು."

ಅವಳ ಕಣ್ಣು ನನ್ನನ್ನು ದಾಟಿ ಬೂದು ಕಾರಿನ ಮೇಲೆ ನಿಂತಿತು. ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ.

"ಮಕ್ಕಳ ಮುಂದೆ ಬೈಯಬಾರದು ಅಂತ ಸುಮ್ನಿದೀನಿ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಬೂದು ಕಾರಿನ ಕೀಲಿ ಕೊಟ್ಟೆ. ಒಡೆದ ಗಾಜು ಗುಡಿಸಿ, ಲಗೇಜು ಬದಲಿಸಿ, ಐದೂ ಜನ ಹತ್ತಿದರು. ಅತ್ತೆ ಮಾತ್ರ ಕಿಟಕಿಯಿಂದ, "ಕುತ್ತಿಗೇಲಿ ರಕ್ತ ಬರ್ತಿದೆ, ಒರಸ್ಕೋ," ಅಂದರು.

ನಾನು ಕೆಂಪು ಕಾರಿನ ಪಕ್ಕದಲ್ಲೇ ಕೂತೆ, ಪೊಲೀಸರು ಬರುವವರೆಗೆ. ಹೇಳಿಕೆಯಲ್ಲಿ ಬಿಳಿಬೂಟಿನವನನ್ನೂ ಬರೆಸಿದೆ, ನನ್ನನ್ನೂ ಬರೆಸಿದೆ. ವೆಲ್ಡರ್ ಸಾಕ್ಷಿ ಹೇಳಿದ. ಯಾರ್ಡಿಗೆ ಬೀಗ ಬಿತ್ತು. ನನ್ನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ.

ಮನೆಯಲ್ಲಿ ಎಲ್ಲ ಹೇಳಿದೆ. ಹೆಂಡತಿ ಕಿರುಚಲಿಲ್ಲ.

"ಮೂರು ವಾರ ಆ ಕಾರಲ್ಲಿ ಕೂತು ನಕ್ಕೊಂಡು ಓಡಾಡಿದೆನಲ್ರೀ..." ಅಂದಳು ಅಷ್ಟೇ. ಮಗಳು ಹೆರಿಗೆಗೆ ಹೋದದ್ದು ಪಕ್ಕದ ಮನೆಯವರ ಕಾರಿನಲ್ಲಿ. ಬಾಗಿಲು ಮುಚ್ಚುವಾಗ ಮಗಳು ನನ್ನ ಮುಖ ನೋಡಲಿಲ್ಲ.

ಬೂದು ಕಾರನ್ನು ಟೈಲರಮ್ಮನ ಹೆಸರಿಗೆ ಬರೆಸುವ ದಿನ, ಅವಳಿಂದ ಒಯ್ದಿದ್ದ ಗಾಡಿಗೆ ಗಾಜು, ಬಂಪರ್ ಎಲ್ಲ ಹೊಸದು ಹಾಕಿಸಿ ತಂದಿದ್ದೆ. ಟೈಲರಮ್ಮ ಒಬ್ಬ ಮುದುಕ ಮೆಕ್ಯಾನಿಕ್ಕನ್ನು ಕರೆತಂದಿದ್ದಳು. ಅವನು ಎರಡು ಗಂಟೆ ಗಾಡಿಯ ಕೆಳಗೆ ಮಲಗಿದ. ಕಾರ್ಪೆಟ್ ಪೂರ್ತಿ ಎತ್ತಿದ. ನಾನು ಬಿಸಿಲಲ್ಲಿ ನಿಂತಿದ್ದೆ. ಕೂರಿ ಅಂತ ಯಾರೂ ಅನ್ನಲಿಲ್ಲ.

ಕೊನೆಗೆ ಅವನು ಕೈ ಒರೆಸಿಕೊಳ್ಳುತ್ತ ಎದ್ದ.

"ಅಪ್ಪಟ ಗಾಡಿ ಕಣಮ್ಮಾ! ಈ ದುಡ್ಡಿಗೆ ಇಂಥದ್ದು ಸಿಗೋದೇ ಕಷ್ಟ. ಯಾರು ಆರಿಸಿದ್ದು?"

ಅವಳು ನನ್ನ ಕಡೆ ಬೆರಳು ತೋರಿಸಿದಳು.

"ಇವರೇ. ತಮ್ಮ ಮನೆಗೆ ಅಂತ ಆರಿಸ್ಕೊಂಡಿದ್ರು... ಅದಕ್ಕೇ ಚೆನ್ನಾಗಿದೆ."