ಹಾಗಲಕಾಯಿ ಆಗಬೇಕಿದ್ದ ಕರು

“ಈ ಸಲ ಗಿಣ್ಣು ಇಲ್ಲ ಕಣೇ ಹನುಮಿ. ಇರೋ ಹಾಲೆಲ್ಲ ಕರೂಗೇ,” ಎಂದು ಅಜ್ಜಿ ಕೊಟ್ಟಿಗೆ ಬಾಗಿಲಲ್ಲೇ ಹೇಳಿಬಿಟ್ಟಳು.

ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ಓಡೋಡಿ ಬಂದಿದ್ದ ಹನುಮಕ್ಕನ ಮುಖ ಸಪ್ಪಗಾಯಿತು. ಅಂದು ಬೆಳಗಿನ ಜಾವ ಕೆಂಚಿ ಹಸು ಕರು ಹಾಕಿತ್ತು. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ಮೆತ್ತನೆಯ ಗಿಣ್ಣು ಆಗುತ್ತದೆ. ಅದನ್ನು ಬೀದಿಯವರಿಗೆಲ್ಲ ಹಂಚುವುದು ಅವರ ಮನೆಯ ಪದ್ಧತಿ. ಹನುಮಕ್ಕ ಹಂಚುವುದಕ್ಕಿಂತ ತಿನ್ನುವುದರಲ್ಲಿ ಜೋರು, ಆ ಮಾತು ಬೇರೆ.

ಆದರೆ ಇವತ್ತಿನ ಚಿಂತೆ ಅವಳ ಹೊಟ್ಟೆಯದಷ್ಟೇ ಆಗಿರಲಿಲ್ಲ. ಕ್ಲಾಸಿನಲ್ಲಿ ಪಕ್ಕ ಕೂರುವ ಬಸವರಾಜೇಶ್ವರಿಗೆ ಅವಳು ದೇವರಾಣೆ ಮಾಡಿ ಬಂದಿದ್ದಳು. ಬಸವರಾಜೇಶ್ವರಿಯ ಅಪ್ಪ ಆಫೀಸರು. ದಾವಣಗೆರೆಯಿಂದ ವರ್ಗವಾಗಿ ಬಂದು, ಹನುಮಕ್ಕನ ಹಳ್ಳಿಯ ಹೊಲಗಳ ಮೇಲೆ ಎದ್ದಿದ್ದ ರಾಜಾಜಿನಗರದ ಹೊಸ ಮನೆಯಲ್ಲಿದ್ದರು. ಆ ಮನೆಗೆ ನಲ್ಲಿ ಇತ್ತು, ಕರೆಂಟು ಇತ್ತು. ಹಸು ಇರಲಿಲ್ಲ. ಊರು ಬಿಟ್ಟ ಮೇಲೆ ಗಿಣ್ಣು ಕಣ್ಣಿಗೇ ಬಿದ್ದಿಲ್ಲ ಎಂದು ಅವಳು ಕೊರಗಿದ್ದಳು. ನಾಳೆ ಭಾನುವಾರ ಬಾ, ಹೊಟ್ಟೆ ತುಂಬ ತಿನ್ನು ಎಂದು ಹನುಮಕ್ಕ ಹೇಳಿಬಿಟ್ಟಿದ್ದಳು.

“ಮಾತು ಕೊಟ್ಟಿದೀನಿ ಅಜ್ಜಿ. ಅವಳು ನನ್ನ ಬುರುಡೆ ಬಿಡೋಳು ಅಂತಾಳೆ. ಒಂದು ಚೂರು ಮಾಡು.”

ಅಜ್ಜಿ ಜಗ್ಗಲಿಲ್ಲ. ಕೆಂಚಿಗೆ ಇದು ಚೊಚ್ಚಲು, ಹಾಲು ಕಡಿಮೆ. ಕರು ಬಡಕಲು, ತಾನಾಗಿ ಇನ್ನೂ ಎದ್ದು ನಿಂತಿಲ್ಲ. ಬೆಳಗ್ಗೆ ಅಜ್ಜಿಯೇ ಎತ್ತಿ ಹಿಡಿದು ಕುಡಿಸಿದ್ದಳು. ಮೊದಲ ಹಾಲು ಹೊಟ್ಟೆ ತುಂಬ ಬಿದ್ದರೇನೇ ಅದು ಬದುಕುವುದು ಎಂದಳು. ಹೆಣ್ಣುಗರುವಾದ್ದರಿಂದ ಗೌರಿ ಎಂದು ಕರೆಯೋಣ ಎಂದೂ ಸೇರಿಸಿದಳು.

ಅಣ್ಣ ನಂಜುಂಡ ಸುಮ್ಮನಿರುವವನಲ್ಲ. “ಗೌರಿ ಯಾಕಜ್ಜಿ? ಗಿಣ್ಣೆಲ್ಲ ಇದರ ಹೊಟ್ಟೇಲೇ ಇದೆ. ಗಿಣ್ಣು ಅಂತಾನೇ ಹೆಸರಿಡು. ಹನುಮಿ ನೋಡ್ಕೊಂಡು ಬಾಯಿ ಚಪ್ಪರಿಸ್ಲಿ.”

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹನುಮಕ್ಕನಿಗೆ ಮೈಯೆಲ್ಲ ಉರಿಯಿತು. ಇದಕ್ಕೆ ಹಾಗಲಕಾಯಿ ಅಂತ ಹೆಸರಿಡಿ, ಅದೇ ಸರಿ ಎಂದು ಕಾಲು ಅಪ್ಪಳಿಸಿ ಒಳಗೆ ಹೋದಳು. ಮನೆಮಂದಿಗೆ ಅದೂ ನಗುವಿಗೆ ದಾರಿಯಾಯಿತು. ಊಟ ಮುಗಿಯುವವರೆಗೂ ನಂಜುಂಡ ಹಾಗಲಕಾಯಿಗೆ ಹುಲ್ಲು ಹಾಕಬೇಕು, ಹಾಗಲಕಾಯಿಗೆ ಗಂಟೆ ಕಟ್ಟಬೇಕು ಎನ್ನುತ್ತಲೇ ಇದ್ದ.

ಮಧ್ಯಾಹ್ನ ಅಜ್ಜಿ ಹುಲ್ಲು ತರಲು ಹೋದಳು. ಅಮ್ಮ ಅಡ್ಡಾದಳು. ಹನುಮಕ್ಕ ಚೊಂಬು ಹಿಡಿದು ಮೆಲ್ಲಗೆ ಕೊಟ್ಟಿಗೆಗೆ ಬಂದಳು. ಬಸವರಾಜೇಶ್ವರಿಗೆ ಒಂದು ಬಟ್ಟಲಾದರೆ ಸಾಕು, ಅಷ್ಟರಿಂದ ಏನು ಮುಳುಗಿಹೋಗುತ್ತದೆ ಎಂದುಕೊಂಡಳು.

ಕೆಂಚಿಗೆ ಅವಳು ಹೊಸಬಳಲ್ಲ, ಒದೆಯಲಿಲ್ಲ. ಕೆಚ್ಚಲಿಗೆ ಕೈ ಹಾಕಿದಳು. ಹಳದಿ ಬಣ್ಣದ ದಪ್ಪ ಹಾಲು ಚೊಂಬಿಗೆ ಬಿತ್ತು.

ಹಿಂದೆ ಹುಲ್ಲು ಸರಬರ ಎಂದಿತು. ಕರು ಏಳಲು ನೋಡುತ್ತಿತ್ತು. ಮುಂಗಾಲು ಮಡಿಸಿಕೊಂಡು ಮುಗ್ಗರಿಸಿತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಕೊನೆಗೆ ನಾಲ್ಕೂ ಕಾಲು ಅಗಲಿಸಿ ನಡುಗುತ್ತ ನಿಂತಿತು. ಹಾಲಿನ ವಾಸನೆ ಹಿಡಿದು ತೂರಾಡುತ್ತ ಬಂದು, ಕೆಚ್ಚಲು ಸಿಗದೆ ಹನುಮಕ್ಕನ ಲಂಗದ ಅಂಚನ್ನೇ ಬಾಯಿಗೆ ಹಾಕಿಕೊಂಡು ಚೀಪತೊಡಗಿತು.

ಹನುಮಕ್ಕ ಚೊಂಬಿನೊಳಗೆ ನೋಡಿದಳು. ತಳ ಮುಚ್ಚುವಷ್ಟೂ ಹಾಲಿರಲಿಲ್ಲ. ಅವಳಿಗೆ ತುಂಬ ನಾಚಿಕೆಯಾಯಿತು. ಲಂಗ ಬಿಡಿಸಿಕೊಂಡು, ಕರುವಿನ ಕುತ್ತಿಗೆ ತಬ್ಬಿ ತಾಯಿಯ ಹತ್ತಿರ ತಂದಳು. ಅದು ಗುದ್ದಿ ಗುದ್ದಿ ಕುಡಿಯಿತು. ಬಾಯಿಂದ ನೊರೆ ಇಳಿಯಿತು. ಚೊಂಬಿನಲ್ಲಿದ್ದುದನ್ನೂ ಬೆರಳಿಗೆ ಅದ್ದಿ ಅದ್ದಿ ಅದಕ್ಕೇ ನೆಕ್ಕಿಸಿದಳು.

ಅಜ್ಜಿ ಹುಲ್ಲಿನ ಹೊರೆ ಹೊತ್ತು ಬಂದವಳು ಚೊಂಬನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಕರು ತಾನೇ ಎದ್ದು ನಿಂತಿತಾ ಎಂದಷ್ಟೇ ಕೇಳಿದಳು. ಹನುಮಕ್ಕ ಹೂಂ ಎಂದು ತಲೆಯಾಡಿಸಿದಳು.

ಮರುದಿನ ಬಸವರಾಜೇಶ್ವರಿ ರಿಬ್ಬನ್ ಕಟ್ಟಿಕೊಂಡು, ಬೆಳಗ್ಗೆ ತಿಂಡಿಯನ್ನೂ ಸರಿಯಾಗಿ ತಿನ್ನದೆ ಬಂದಳು.

“ಗಿಣ್ಣು ಮಾಡ್ಲಿಲ್ಲ ಕಣೇ. ಹಾಲೆಲ್ಲ ಕರು ಕುಡೀತು,” ಎಂದಳು ಹನುಮಕ್ಕ.

“ದೇವರಾಣೆ ಮಾಡಿದ್ದಿ ನೀನು.”

“ಮಾಡಿದ್ದೆ. ತಪ್ಪಾಯ್ತು.”

ಬಸವರಾಜೇಶ್ವರಿ ಮುಖ ಊದಿಸಿಕೊಂಡೇ ಕೊಟ್ಟಿಗೆಗೆ ಬಂದಳು. ಕರು ಬಂದು ಅವಳ ಅಂಗೈ ನೆಕ್ಕಿದಾಗ ಕಚಗುಳಿ ತಡೆಯಲಾರದೆ ನಕ್ಕುಬಿಟ್ಟಳು. ಇದರ ಹೆಸರೇನು ಎಂದು ಕೇಳಿದಳು.

ಗೋಡೆಗೆ ಒರಗಿ ನಿಂತಿದ್ದ ನಂಜುಂಡ ಇದಕ್ಕೇ ಕಾಯುತ್ತಿದ್ದ. “ಹೇಳಮ್ಮಾ, ಹಾಗಲಕಾಯಿ ಅಂತ.”

“ಗಿಣ್ಣು,” ಎಂದಳು ಹನುಮಕ್ಕ, ಕರುವಿನ ಬೆನ್ನು ಸವರುತ್ತ. ನಂಜುಂಡನಿಗೆ ರೇಗಿಸಲು ಏನೂ ಉಳಿಯಲಿಲ್ಲ. ಗೌರಿ ಎಂದು ಬಾಯಿ ತೆರೆದಿದ್ದ ಅಜ್ಜಿಯೂ ಗಿಣ್ಣು ಎಂದೇ ಕರುವನ್ನು ಹತ್ತಿರ ಕರೆದಳು.

ವಾರ ಕಳೆಯಿತು. ಕೆಂಚಿಗೆ ಹಾಲು ಹೆಚ್ಚಿತು. ಒಂದು ಬೆಳಗ್ಗೆ ಅಜ್ಜಿ ಹಾಲು ಕರೆದು, ಕಾಯಿಸಿ, ಲೋಟಕ್ಕೆ ಬಗ್ಗಿಸಿ ಹನುಮಕ್ಕನ ಮುಂದಿಟ್ಟಳು.

“ಗಿಣ್ಣು ಕುಡೀತಾ ಅಜ್ಜಿ?”

“ಕುಡೀತು. ಸಾಕಾಗಿ ಅದೇ ಮುಖ ತಿರುಗಿಸ್ತು.”

ಹನುಮಕ್ಕ ಆಮೇಲೆ ಲೋಟ ಎತ್ತಿಕೊಂಡಳು.